ಪದ, ಕುಣಿತ ಮತ್ತು ಪರದೆ: ಬೆಂಗಳೂರು ದೂರದರ್ಶನದ ಸಮುದಾಯ ಸೇವೆ – ಒಂದು ಜಾನಪದೀಯ ವಿಮರ್ಶೆ

ಪ್ರವೇಶ

ದೂರದರ್ಶನ ಕೇಂದ್ರವೊಂದು ತನ್ನ ಪ್ರದೇಶದ ಜನಸಮುದಾಯಕ್ಕೆ ಸಲ್ಲಿಸುವ ಸೇವೆಯನ್ನು ಅಳೆಯಲು ಸಮೂಹ ಮಾಧ್ಯಮಗಳ ಅಧ್ಯಯನಕಾರರು ವೀಕ್ಷಕರ ಸಂಖ್ಯೆ, ಪ್ರಸಾರದ ಅವಧಿ, ಕಾರ್ಯಕ್ರಮಗಳ ವೈವಿಧ್ಯ ಮುಂತಾದ ಮಾನದಂಡಗಳನ್ನು ಬಳಸುವುದುಂಟು. ಇವು ಉಪಯುಕ್ತವೇ ಆದರೂ ಜಾನಪದ ವಿದ್ವಾಂಸನ ಕುತೂಹಲಕ್ಕೆ ಇಷ್ಟೇ ಸಾಲದು. ಜನಪದರಲ್ಲಿ ಹಾಡುವವರಿಗೂ ಕೇಳುವವರಿಗೂ ನಡುವೆ ಇರುವ ಸಂಬಂಧ ಕೊಡುಕೊಳೆಯದು. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿಯವರು ಸವಾಲು ಹಾಕಿದರೆ ನಾಗೇಶಿಯವರು ಜವಾಬು ಕೊಡಲೇಬೇಕು. ಕೊಡಲಾಗದ ಮೇಳ ಸೋತಂತೆ. ಸಭೆಯಲ್ಲಿ ಕುಳಿತವರೂ ಸುಮ್ಮನೆ ಕೇಳುಗರಲ್ಲ. ಪಕ್ಷ ವಹಿಸುತ್ತಾರೆ, ತೀರ್ಪು ಹೇಳುತ್ತಾರೆ. ಸಾರ್ವಜನಿಕ ಹಣದಿಂದ, ಸಾರ್ವಜನಿಕರಿಗಾಗಿ ನಡೆಯುವ ಪ್ರಸಾರ ಕೇಂದ್ರವನ್ನು ಇದೇ ಅಳತೆಗೋಲಿನಿಂದ ಅಳೆದರೆ ಹೇಗೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ಸಮುದಾಯದ ಸವಾಲಿಗೆ ಕೇಂದ್ರವು ಜವಾಬು ಕೊಟ್ಟಿದೆಯೇ? ಸಮುದಾಯದಿಂದ ಪಡೆದುಕೊಂಡದ್ದನ್ನು ಅದಕ್ಕೆ ಮರಳಿಸಿದೆಯೇ? ಬೆಂಗಳೂರು ದೂರದರ್ಶನ ಕೇಂದ್ರವನ್ನು, ಅದರ ಇಂದಿನ 'ಚಂದನ' ವಾಹಿನಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸಲಾಗಿದೆ.

ಸಮುದಾಯ ವೀಕ್ಷಣೆಯ ದಿನಗಳು

ಕರ್ನಾಟಕದ ಹಳ್ಳಿಗಳಿಗೆ ಟೆಲಿವಿಷನ್ ಬಂದದ್ದು ಬೆಂಗಳೂರು ಕೇಂದ್ರ ಆರಂಭವಾಗುವುದಕ್ಕೂ ಮೊದಲೇ ಎಂಬುದು ಗಮನಾರ್ಹ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗವು 'ಸೈಟ್' ಎಂದೇ ಪ್ರಸಿದ್ಧವಾಗಿದೆ. ಅಮೆರಿಕದ ಎ.ಟಿ.ಎಸ್.–6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಅದು ತಲುಪಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಊರಿಗೆ ಒಂದೇ ಪೆಟ್ಟಿಗೆ. ಅದು ಇಡೀ ಊರಿಗೆ ಸೇರಿದ್ದು. ಬಯಲಾಟಕ್ಕೆ ನೆರೆದಂತೆ ಜನ ಅದರ ಮುಂದೆ ನೆರೆಯುತ್ತಿದ್ದರು. ಆದರೆ ಈ ಹಳ್ಳಿಗಳಿಗೆ ಬೇಕಾದ ಕನ್ನಡ ಕಾರ್ಯಕ್ರಮಗಳ ತಯಾರಿಕೆಯ ನೆಲೆ ಹೈದರಾಬಾದ್ ಆಗಿತ್ತು. ನೋಡುವ ಸಭೆ ಊರಿನದು, ಆಡುವ ಮೇಳ ದೂರದ್ದು ಎಂಬ ಈ ಸ್ಥಿತಿ ನಮ್ಮ ಪ್ರಾದೇಶಿಕ ಪ್ರಸಾರದ ಚರಿತ್ರೆಯಲ್ಲಿ ಮುಂದೆಯೂ ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಅದೇ ಕಾಲದಲ್ಲಿ ಇದಕ್ಕಿಂತ ಭಿನ್ನವಾದ ಇನ್ನೊಂದು ಪ್ರಯೋಗ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ನಡೆಯಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಮೇಲ್ವಿಚಾರಣೆಯಲ್ಲಿ ಪಿಜ್ ಎಂಬ ಹಳ್ಳಿಯಲ್ಲಿ ಕಡಿಮೆ ಶಕ್ತಿಯ ಪ್ರೇಷಕವನ್ನು ಸ್ಥಾಪಿಸಲಾಯಿತು. ಹಾಲು ಉತ್ಪಾದಕರ ಸಹಕಾರ ಸಂಘಗಳಂಥ ಸಾರ್ವಜನಿಕ ಸ್ಥಳಗಳಲ್ಲಿ ಸಮುದಾಯದ ಟೆಲಿವಿಷನ್‌ಗಳಿದ್ದವು. ಆ ಜಿಲ್ಲೆಯ ಜನರ ಬದುಕೇ ಕಾರ್ಯಕ್ರಮಗಳ ವಸ್ತುವಾಯಿತು. ಹಳ್ಳಿಗರು ನಟರಾಗಿ, ಬರೆಹಗಾರರಾಗಿ ತಯಾರಿಕೆಯಲ್ಲಿ ಪಾಲುಗೊಂಡರು. ವರದಕ್ಷಿಣೆ, ವಿಧವಾ ವಿವಾಹದಂಥ ವಿಷಯಗಳು ಅವರದೇ ಆಡುಮಾತಿನಲ್ಲಿ ಪರದೆಗೆ ಬಂದವು. ಗ್ರಾಮೀಣ ಸಂವಹನದ ಸಾಧನೆಗಾಗಿ 1984ರಲ್ಲಿ ಈ ಯೋಜನೆಗೆ ಯುನೆಸ್ಕೋದ ಪುರಸ್ಕಾರ ದೊರೆಯಿತು. ಪ್ರಯೋಗ ಬಹುಕಾಲ ಬಾಳಲಿಲ್ಲವಾದರೂ ಒಂದು ಮಾತನ್ನು ಅದು ತೋರಿಸಿಕೊಟ್ಟಿತು: ಕೇಂದ್ರ ಹತ್ತಿರದಲ್ಲಿದ್ದಷ್ಟೂ ಜನ ನೋಡುಗರ ಸ್ಥಾನದಿಂದ ಮೇಳದ ಸ್ಥಾನಕ್ಕೆ ಬರುವುದು ಸುಲಭವಾಗುತ್ತದೆ.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನ ಕಾರ್ಯಾರಂಭ ಮಾಡಿತು. ಮರುವರ್ಷವೇ, 1982ರ ಆಗಸ್ಟ್ 15ರಂದು, ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಒಂದೇ ಪರದೆಯ ಮೇಲೆ ಪ್ರಾದೇಶಿಕ ಕೇಂದ್ರದ ವೇಳೆಯೂ ದೆಹಲಿಯ ವೇಳೆಯೂ ಹಂಚಿಕೆಯಾಗಬೇಕಾಯಿತು. ಪಿ.ಸಿ. ಜೋಶಿ ಅವರ ನೇತೃತ್ವದ ಸಮಿತಿ 1985ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಭಾರತೀಯ ದೂರದರ್ಶನಕ್ಕೆ ಭಾರತೀಯ ವ್ಯಕ್ತಿತ್ವ ಬೇಕೆಂದು, ಪ್ರಸಾರವು ದೆಹಲಿಯಲ್ಲಿ ಕೇಂದ್ರೀಕೃತವಾಗಬಾರದೆಂದು ವಾದಿಸಿತು. 1990ರಲ್ಲಿ ಅಂಗೀಕಾರಗೊಂಡು 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಕಾಯಿದೆಯು ದೇಶದ ವಿವಿಧ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ಸೂಕ್ತ ಕಾರ್ಯಕ್ರಮಗಳ ಮೂಲಕ ಸಾಕಷ್ಟು ಸ್ಥಾನ ನೀಡುವುದನ್ನು ಸಂಸ್ಥೆಯ ಕರ್ತವ್ಯಗಳಲ್ಲಿ ಸೇರಿಸಿತು. ಆದ್ದರಿಂದ ಜನಪದ ಕಲೆಗಳಿಗೆ ಅವಕಾಶ ಕೊಡುವುದು ಕೇಂದ್ರದ ಔದಾರ್ಯದ ಮಾತಲ್ಲ, ಶಾಸನವೇ ವಿಧಿಸಿರುವ ಹೊಣೆ.

ಚಂದನದ ಕೊಡುಗೆ

ವಿಮರ್ಶೆಗೆ ಮುನ್ನ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸುವುದು ನ್ಯಾಯ. ಕೃಷಿ ಕಾರ್ಯಕ್ರಮಗಳು ಬೀಜ, ಬೆಳೆ, ರೋಗಗಳ ಬಗ್ಗೆ ರೈತರಿಗೆ ಅವರ ಭಾಷೆಯಲ್ಲಿ ತಿಳಿವಳಿಕೆ ನೀಡಿವೆ. ರೈತರು ದೂರವಾಣಿಯ ಮೂಲಕ ತಜ್ಞರನ್ನು ನೇರವಾಗಿ ಪ್ರಶ್ನಿಸುವ ಪ್ರಸಾರಗಳಲ್ಲಿ ಮೇಲೆ ಹೇಳಿದ ಸವಾಲು–ಜವಾಬಿನ ಸಂಬಂಧ ಅತ್ಯಂತ ನಿಚ್ಚಳವಾಗಿ ಕಾಣುತ್ತದೆ. ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ, 2002ರಲ್ಲಿ ಆರಂಭವಾದ 'ಥಟ್ ಅಂತ ಹೇಳಿ' ರಸಪ್ರಶ್ನೆ ಕಾರ್ಯಕ್ರಮದಲ್ಲಿ ಗೆದ್ದವರಿಗೆ ಸಿಗುವ ಬಹುಮಾನ ಕನ್ನಡ ಪುಸ್ತಕ. ಹಣವೇ ಬಹುಮಾನವಾಗಿರುವ ಕಾಲದಲ್ಲಿ ಇಂಥದೊಂದು ಕಾರ್ಯಕ್ರಮ ಸಾವಿರಾರು ಕಂತುಗಳನ್ನು ದಾಟಿ ನಡೆದದ್ದು ಸಾರ್ವಜನಿಕ ವಾಹಿನಿಯಿಂದ ಮಾತ್ರ ಸಾಧ್ಯವಾಗುವ ಕೆಲಸ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪ್ರೌಢಶಾಲೆಯ ಮಕ್ಕಳಿಗೆ 'ಸೇತುಬಂಧ' ಪಾಠಗಳು ಪ್ರಸಾರವಾದದ್ದೂ ಚಂದನದಲ್ಲಿಯೇ. ಅಂತರ್ಜಾಲ ಎಟುಕದ ಮನೆಗಳಿಗೆ ಅಂದು ಅದು ಶಾಲೆಯೇ ಆಗಿತ್ತು.

ಜನಪದ ಕಲಾವಿದರಿಗೂ ಈ ಕೇಂದ್ರದಿಂದ ಉಪಕಾರವಾಗಿದೆ. ಮನೆಯೊಳಗಿನ ಶುಭಕಾರ್ಯಗಳಿಗೆ ಸೀಮಿತವಾಗಿದ್ದ ಸೋಬಾನೆ ಪದಗಳ ಹೆಣ್ಣುಮಕ್ಕಳು ಹೆಸರಿನೊಂದಿಗೆ, ಮುಖದೊಂದಿಗೆ ಸಾರ್ವಜನಿಕರ ಮುಂದೆ ಬಂದರು. ತಮ್ಮ ಸೀಮೆಯಾಚೆಗೆ ಪರಿಚಯವಿಲ್ಲದ ಕಲೆಗಳನ್ನು ಬೇರೆ ಸೀಮೆಯವರು ನೋಡುವಂತಾಯಿತು. ದೂರದರ್ಶನದಲ್ಲಿ ಹಾಡಿದವರೆಂಬ ಮಾತು ಕಲಾವಿದರಿಗೆ ಊರಿನಲ್ಲಿ ಗೌರವವನ್ನು ತಂದುಕೊಟ್ಟದ್ದನ್ನು ಕ್ಷೇತ್ರಕಾರ್ಯ ಮಾಡಿದವರೆಲ್ಲ ಬಲ್ಲರು. ಶತಮಾನಗಳಿಂದ ಕೀಳಾಗಿ ಕಂಡ ಸಮುದಾಯಗಳ ಕಲೆಗೆ ಇದು ಸಣ್ಣ ಮಾತಲ್ಲ.

ಪದ ಮತ್ತು ಕುಣಿತ

ಆದರೆ ಪರದೆಯ ಮೇಲೆ ಯಾವುದು ಬಂತು, ಯಾವುದು ಹಿಂದೆ ಸರಿಯಿತು ಎಂದು ಕೇಳಿದಾಗ ಚಿತ್ರ ಬದಲಾಗುತ್ತದೆ. ಕಂಸಾಳೆಯನ್ನು ಉದಾಹರಣೆಯಾಗಿ ನೋಡಬಹುದು. ಮಲೆಯ ಮಹದೇಶ್ವರನ ದೇವರಗುಡ್ಡರು ದೀಕ್ಷೆ ಪಡೆದು ಆತನ ಕಾವ್ಯವನ್ನು ಹಾಡುವವರು. ಅವರ ಕೈಯಲ್ಲಿರುವ ಕಂಸಾಳೆ ಮೂಲತಃ ಕಥೆಗೆ ತಾಳ. ಬೀಸು ಕಂಸಾಳೆ ಅದೇ ಪರಂಪರೆಯ ಇನ್ನೊಂದು ಮುಖ. ಹಾಡಿಗಿಂತ ಅಲ್ಲಿ ಕಸರತ್ತಿಗೆ ಪ್ರಾಧಾನ್ಯ. ಕ್ಯಾಮರಾಕ್ಕೆ ಬೀಸು ಕಂಸಾಳೆಯ ಚಲನೆ ಒದಗುವಷ್ಟು ಕುಳಿತು ಹಾಡುವ ಕಥನ ಒದಗುವುದಿಲ್ಲ. ಹೀಗಾಗಿ ಮಹದೇಶ್ವರನ ಕಥೆ ತಿಳಿಯದವರಿಗೂ ಕಂಸಾಳೆಯ ಬೀಸು ಪರಿಚಿತವಾಯಿತು. ಡೊಳ್ಳಿನ ವಿಷಯದಲ್ಲಿಯೂ ಇದೇ ನಡೆಯಿತು. ಹಾಲುಮತ ಪರಂಪರೆಯಲ್ಲಿ ಬೀರಪ್ಪನ ಚರಿತ್ರೆಯನ್ನೂ ಸಿದ್ಧರ ಕಥೆಗಳನ್ನೂ ಹೇಳುವ ಡೊಳ್ಳಿನ ಪದಗಳಿವೆ. ಪರದೆಯಲ್ಲಿ ಡೊಳ್ಳು ಎಂದರೆ ಕುಣಿತವೆಂದೇ ಅರ್ಥವಾಯಿತು.

ಕಣ್ಣಿಗೆ ಒದಗುವ ಕುಣಿತ ಮುಂದೆ ಬಂದು, ಕಿವಿಗೆ ಒದಗುವ ಪದ ಹಿಂದೆ ಸರಿಯುವ ಈ ಪ್ರವೃತ್ತಿಯನ್ನು ದೂರದರ್ಶನವೊಂದೇ ಹುಟ್ಟುಹಾಕಿತೆಂದು ಹೇಳಲಾಗದು. ಸರ್ಕಾರಿ ಉತ್ಸವ, ಮೆರವಣಿಗೆ, ದಸರಾ ಜಂಬೂಸವಾರಿಗಳ ಪಾಲೂ ಇದರಲ್ಲಿದೆ. ಆದರೆ ಉತ್ಸವದ ಮೆರವಣಿಗೆಗೆ ಇಲ್ಲದ ಒಂದು ಅನುಕೂಲ ಪ್ರಸಾರ ಕೇಂದ್ರಕ್ಕಿದೆ: ಅದಕ್ಕೆ ನಾಳೆಯೂ ವೇಳೆಯಿದೆ, ನಾಡಿದ್ದೂ ವೇಳೆಯಿದೆ. ಮೆರವಣಿಗೆಯಲ್ಲಿ ಕಥೆ ಹೇಳಲಾಗದು, ವಾಹಿನಿಯಲ್ಲಿ ಹೇಳಬಹುದು. ಆದ್ದರಿಂದಲೇ ಈ ಆಕ್ಷೇಪ ವಾಹಿನಿಗೆ ಹೆಚ್ಚು ಸಲ್ಲುತ್ತದೆ.

ರಾತ್ರಿಯಿಡೀ ಹಾಡುವ ಕಾವ್ಯವನ್ನು ಅರ್ಧ ಗಂಟೆಗೆ ಇಳಿಸದೆ ಗತಿಯಿಲ್ಲ ಎಂಬುದು ಕೇಂದ್ರಗಳ ಪರವಾಗಿ ಹೇಳಬಹುದಾದ ಸಮರ್ಥನೆ. ಇದನ್ನು ಒಪ್ಪುವ ಮುನ್ನ ಪರಂಪರೆಯ ಒಳಗೇ ಇರುವ ವ್ಯವಸ್ಥೆಯನ್ನು ಗಮನಿಸಬೇಕು. ಮಂಟೇಸ್ವಾಮಿ, ಮಲೆಯ ಮಹದೇಶ್ವರ ಕಾವ್ಯಗಳು 'ಸಾಲು'ಗಳಾಗಿ ವಿಂಗಡಣೆಗೊಂಡಿವೆ. ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣದ ಸಾಲು, ಮಹದೇಶ್ವರ ಕಾವ್ಯದಲ್ಲಿ ಸಂಕಮ್ಮನ ಸಾಲು – ಹೀಗೆ ಒಂದೊಂದು ಸಾಲೂ ತನ್ನಷ್ಟಕ್ಕೆ ಒಂದು ಕಥಾಘಟಕ. ಸಂದರ್ಭ, ಸಮಯ, ಕೇಳುವವರ ಅಪೇಕ್ಷೆಗಳಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಹಾಡುವ ಸ್ವಾತಂತ್ರ್ಯ ನೀಲಗಾರರಿಗೂ ದೇವರಗುಡ್ಡರಿಗೂ ಇದ್ದೇ ಇದೆ. ಎಂದರೆ ಕಂತು ಎಂಬ ಕಲ್ಪನೆ ಧಾರಾವಾಹಿಗಳೊಂದಿಗೆ ಬಂದದ್ದಲ್ಲ, ನಮ್ಮ ಮೌಖಿಕ ಕಾವ್ಯಗಳಲ್ಲಿಯೇ ಇತ್ತು. ಗಡಿಯಾರ ನೋಡಿ ಕತ್ತರಿಸುವುದಕ್ಕೂ ಸಾಲು ನೋಡಿ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಕಾವ್ಯ ತುಂಡಾಗುತ್ತದೆ, ಎರಡನೆಯದರಲ್ಲಿ ಮುಂದುವರಿಯುತ್ತದೆ. ವಾರಕ್ಕೊಂದು ಸಾಲಿನಂತೆ ಒಂದು ಮಹಾಕಾವ್ಯವನ್ನು ಆದ್ಯಂತವಾಗಿ ಪ್ರಸಾರ ಮಾಡುವುದಕ್ಕೆ ಬೇಕಾದದ್ದು ದೊಡ್ಡ ಹಣವಲ್ಲ, ಆ ಪರಂಪರೆಯ ಪರಿಚಯ ಮತ್ತು ತಾಳ್ಮೆ.

ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಮೂಲ ಸಂದರ್ಭದಿಂದ ಹೊರಬಂದು ಬೇರೊಂದು ಸಂದರ್ಭದಲ್ಲಿ ಬಳಕೆಯಾಗುವ ಜಾನಪದವನ್ನು ಅದರ 'ಎರಡನೆಯ ಬದುಕು' ಎಂದು ಕರೆದರು. ಸ್ಟುಡಿಯೋದಲ್ಲಿ ಹಾಡಿದ್ದನ್ನು ಕೃತಕವೆಂದು ತಳ್ಳಿಹಾಕುವವರಿಗೆ ಈ ಮಾತು ಎಚ್ಚರಿಕೆ. ಎರಡನೆಯ ಬದುಕೂ ಬದುಕೇ. ಆದರೆ ಅದು ಮೊದಲನೆಯ ಬದುಕಿನ ನೆನಪನ್ನು ಉಳಿಸಿಕೊಂಡಿದೆಯೇ ಎಂದು ಕೇಳುವ ಹಕ್ಕು ವಿಮರ್ಶೆಗಿದೆ. ಹರಕೆಗಾಗಿ ಹಾಡಿದ್ದೇ, ಜಾತ್ರೆಯಲ್ಲಿ ಹಾಡಿದ್ದೇ, ಸಾವಿನ ಮನೆಯಲ್ಲಿ ಹಾಡಿದ್ದೇ ಎಂಬುದು ತಿಳಿಯದಿದ್ದರೆ ನೋಡುಗನಿಗೆ ಉಳಿಯುವುದು ರಾಗ ಮತ್ತು ವೇಷ ಮಾತ್ರ.

ದಾಖಲೆ ಮತ್ತು ಮರಳಿಕೆ

ಪ್ರಸಾರವಾದ ಕ್ಷಣಕ್ಕೆ ಕಾರ್ಯಕ್ರಮ ಮುಗಿಯಿತೆಂದು ಭಾವಿಸುತ್ತಿದ್ದ ಕಾಲ ಹೋಗಿದೆ. ದೂರದರ್ಶನದ ಹಳೆಯ ಅನಲಾಗ್ ಭೂಪ್ರಸಾರ 2022ರ ಹೊತ್ತಿಗೆ ದೇಶದಲ್ಲಿ ಬಹುಮಟ್ಟಿಗೆ ನಿಂತಿತು. ಇಂದು ಚಂದನವನ್ನು ಜನ ಉಪಗ್ರಹ ಮತ್ತು ಕೇಬಲ್ ಮೂಲಕ ನೋಡುತ್ತಾರೆ, ಯೂಟ್ಯೂಬ್‌ನಲ್ಲಿಯೂ ನೋಡುತ್ತಾರೆ. ಒಮ್ಮೆ ಪ್ರಸಾರವಾಗಿ ಕಪಾಟು ಸೇರುತ್ತಿದ್ದ ಧ್ವನಿಚಿತ್ರಗಳು ಯಾರು ಯಾವಾಗ ಬೇಕಾದರೂ ನೋಡಬಹುದಾದ ಆಕರಗಳಾಗುತ್ತಿವೆ. ಕೇಂದ್ರವು ಹೀಗೆ ಪ್ರಸಾರ ಸಂಸ್ಥೆಯಾಗಿರುವಂತೆಯೇ ಭಂಡಾರವೂ ಆಗಿದೆ.

ಭಂಡಾರಕ್ಕೆ ಭಂಡಾರದ ಶಿಸ್ತು ಬೇಕು. ಪರದೆಯ ಅಡಿಯಲ್ಲಿ ಮೂಡುವ ತಂಡದ ಹೆಸರು ಮತ್ತು ಊರಿನಿಂದ ದಾಖಲೆ ಪೂರ್ಣವಾಗದು. ಹಾಡಿದವರು, ಹಿಮ್ಮೇಳದವರು, ಕಲಿಸಿದವರು, ಪಾಠ ಯಾವ ಸೀಮೆಯದು, ಯಾವ ಸಾಲು, ಯಾವ ಸಂದರ್ಭಕ್ಕೆ ಸೇರಿದ್ದು, ಚಿತ್ರೀಕರಣದ ದಿನಾಂಕ – ಇಷ್ಟಾದರೂ ಜೊತೆಗಿರಬೇಕು. ಕ್ಷೇತ್ರಕಾರ್ಯದ ಮೊದಲ ಪಾಠವಾಗಿ ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಇದನ್ನೇ. ಹಿರಿಯ ಹಾಡುಗಾರರ ತಲೆಮಾರು ಕಣ್ಮರೆಯಾಗುತ್ತಿದೆ. ಹಾಡಿದವರು ಇಲ್ಲವಾದ ಮೇಲೆ ಹೆಸರಿಲ್ಲದ ದೃಶ್ಯಕ್ಕೆ ವಾರಸುದಾರರನ್ನು ಹುಡುಕುವುದು ಸಾಧ್ಯವಿಲ್ಲ.

ಇಲ್ಲಿ ಹಕ್ಕಿನ ಪ್ರಶ್ನೆಯೂ ಇದೆ. ಭಾರತದ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯು ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು. ಪ್ರದರ್ಶಕರು ಯಾರೆಂದು ವಿವರಿಸುವಾಗ ಅದು ಗಾಯಕ, ನರ್ತಕರ ಜೊತೆಗೆ ದೊಂಬರಾಟದವರನ್ನೂ ಹಾವಾಡಿಗರನ್ನೂ ಹೆಸರಿಸುತ್ತದೆ. 2012ರ ತಿದ್ದುಪಡಿಯು ತಾನು ಆ ಪ್ರದರ್ಶನದ ಕರ್ತೃವೆಂದು ಗುರುತಿಸಿಕೊಳ್ಳುವ ನೈತಿಕ ಹಕ್ಕನ್ನೂ ಪ್ರದರ್ಶಕನಿಗೆ ಕೊಟ್ಟಿತು. ಕಾನೂನಿನ ಕಣ್ಣಿನಲ್ಲಿ ಹಗಲುವೇಷದವನೂ ಕಿನ್ನರಿ ಜೋಗಿಯೂ ಹೆಸರುಳ್ಳ ಕಲಾವಿದರು. ಆ ಹೆಸರನ್ನು ಬರೆದಿಡುವುದು, ಚಿತ್ರೀಕರಣದ ಪ್ರತಿಯೊಂದನ್ನು ಕಲಾವಿದರ ಮನೆಗೋ ಊರಿನ ಗ್ರಂಥಾಲಯಕ್ಕೋ ತಲುಪಿಸುವುದು ಯಾವುದೇ ಸಾರ್ವಜನಿಕ ಕೇಂದ್ರದ ವಾಡಿಕೆಯಾಗಬೇಕು. ಅಜ್ಜ ಹಾಡಿದ್ದನ್ನು ಮೊಮ್ಮಗ ನೋಡಿ ಕಲಿಯುವಂತಾದರೆ ಅದಕ್ಕಿಂತ ದೊಡ್ಡ ಸಮುದಾಯ ಸೇವೆ ಇನ್ನೊಂದಿಲ್ಲ.

ಈ ಹೊಣೆ ಕೇಂದ್ರದ್ದೊಂದೇ ಅಲ್ಲ. 1980ರ ದಶಕದಿಂದ ನಮ್ಮ ಅಕಾಡೆಮಿ, ವಿಶ್ವವಿದ್ಯಾಲಯಗಳು ಸಂಗ್ರಹ, ಪ್ರಕಟಣೆಗಳಲ್ಲಿ ತೋರಿದ ಉತ್ಸಾಹವನ್ನು ದೃಶ್ಯ ದಾಖಲೆಯ ಕಡೆಗೆ ಅಷ್ಟಾಗಿ ಹರಿಸಲಿಲ್ಲ. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಸ್ಥಾಪನೆಯಾಗಿದೆ. ರಾಮನಗರದ ಬಳಿಯ ಜಾನಪದ ಲೋಕವು ಎಚ್.ಎಲ್. ನಾಗೇಗೌಡರ ದೂರದೃಷ್ಟಿಯಿಂದ ಸಂಗ್ರಹದ ಪರಂಪರೆಯೊಂದನ್ನು ಕಟ್ಟಿಕೊಟ್ಟಿದೆ. ಪಾಠದ ಪರಿಚಯವುಳ್ಳ ಇಂಥ ಸಂಸ್ಥೆಗಳೂ ಚಿತ್ರೀಕರಣದ ಸಾಮರ್ಥ್ಯವುಳ್ಳ ಕೇಂದ್ರವೂ ಒಟ್ಟುಗೂಡಿ ದುಡಿದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಬಹುದು.

ಸಮಾರೋಪ

ಒಟ್ಟಿನಲ್ಲಿ ಹೇಳುವುದಾದರೆ, ಕೃಷಿ, ಶಿಕ್ಷಣ ಮತ್ತು ಭಾಷೆಯ ಕ್ಷೇತ್ರಗಳಲ್ಲಿ ಬೆಂಗಳೂರು ದೂರದರ್ಶನವು ಸಮುದಾಯದ ಸವಾಲಿಗೆ ಜವಾಬು ಕೊಟ್ಟಿದೆ. ಜಾನಪದದ ವಿಷಯದಲ್ಲಿ ಅದು ವೇದಿಕೆಯನ್ನು ಕೊಟ್ಟಿತು. ಆ ವೇದಿಕೆಯ ಮೇಲೆ ಪದಕ್ಕಿಂತ ಕುಣಿತಕ್ಕೆ ಹೆಚ್ಚು ಜಾಗ ಸಿಕ್ಕಿತು. ಸಾಲುಗಳಾಗಿ ಕಾವ್ಯವನ್ನು ಪೂರ್ಣವಾಗಿ ಕೇಳಿಸುವುದು, ಹಾಡಿದವರ ವಿವರಗಳನ್ನು ಶಿಸ್ತಿನಿಂದ ದಾಖಲಿಸುವುದು, ದಾಖಲೆಯನ್ನು ಅದರ ಒಡೆಯರಿಗೆ ಮರಳಿಸುವುದು – ಈ ಮೂರು ಕೆಲಸಗಳು ಬಾಕಿ ಇವೆ. ರಾಯಚೂರಿನ ಹಳ್ಳಿಗರು 1975ರಲ್ಲಿ ಊರ ಪೆಟ್ಟಿಗೆಯ ಮುಂದೆ ನೆರೆದಾಗ ಅವರ ಕಾರ್ಯಕ್ರಮ ಹೈದರಾಬಾದಿನಿಂದ ಬರುತ್ತಿತ್ತು. ಇಂದು ಆ ದೂರ ಇಲ್ಲ. ಕೇಂದ್ರ ನಮ್ಮದೇ ನಾಡಿನಲ್ಲಿದೆ, ನಮ್ಮದೇ ಭಾಷೆಯಲ್ಲಿ ಮಾತಾಡುತ್ತಿದೆ. ಸವಾಲು ಹಾಕುವ ಕೆಲಸ ಸಂಶೋಧಕರದೂ ಹೌದು. ನಾವು ಕೇಳದಿದ್ದರೆ ಜವಾಬು ಬರಲಿಲ್ಲವೆಂದು ದೂರುವ ಅಧಿಕಾರವೂ ನಮಗಿರದು.