ಚೋಮ ಮತ್ತು ಗಾಜಿನ ಸೀಸೆಯ ಮಕ್ಕಳು

ಮೊಳಕಾಲ್ಮುರು ತಾಲೂಕಿನ ಸಿದ್ದಾಪುರದ ಬಂಡೆಯ ಮೇಲೆ ಸಾಮ್ರಾಟ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಈ ಶಾಸನದ ತಿರುಳು ಸರಳವಾದುದು: ಶ್ರದ್ಧೆಯಿಂದ ಶ್ರಮಿಸಿದರೆ ಸ್ವರ್ಗವು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಲಭ್ಯ. ಕಲ್ಲಿನಲ್ಲಿ ಉಳಿದ ಈ ಮಾತು ಮನುಷ್ಯರ ಮನಸ್ಸಿನಲ್ಲಿ ಏಕೆ ನೆಲೆಗೊಳ್ಳಲಿಲ್ಲ? ಒಂದೇ ವರ್ಷದ ಅಂತರದಲ್ಲಿ ಪ್ರಕಟವಾದ ಎರಡು ಕಾದಂಬರಿಗಳು ಈ ಪ್ರಶ್ನೆಯನ್ನು ಎರಡು ದಿಕ್ಕಿನಿಂದ ಎದುರಿಸುತ್ತವೆ.

ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932) ಭವಿಷ್ಯದ ದುಃಸ್ವಪ್ನ. ಅಲ್ಲಿ ಶಿಶುಗಳು ತಾಯಿಯ ಗರ್ಭದಲ್ಲಲ್ಲ, ಗಾಜಿನ ಸೀಸೆಗಳಲ್ಲಿ ಬೆಳೆಯುತ್ತವೆ. ಆಲ್ಫಾದಿಂದ ಎಪ್ಸಿಲಾನ್‌ವರೆಗೆ ಐದು ವರ್ಗಗಳು. ಕೆಳವರ್ಗದ ಭ್ರೂಣಕ್ಕೆ ಪ್ರಾಣವಾಯುವನ್ನೇ ಕಡಿಮೆ ಮಾಡಿ ಬುದ್ಧಿಯನ್ನು ಕುಗ್ಗಿಸುತ್ತಾರೆ. ಪುಸ್ತಕ, ಹೂವುಗಳತ್ತ ತೆವಳುವ ಕೂಸುಗಳಿಗೆ ವಿದ್ಯುತ್ತಿನ ಆಘಾತ ಕೊಟ್ಟು ಅವುಗಳನ್ನು ದ್ವೇಷಿಸಲು ಕಲಿಸುತ್ತಾರೆ. ನಿದ್ರೆಯಲ್ಲಿಯೂ ಕಿವಿಯಲ್ಲಿ ಪಾಠ ಪಿಸುಗುಟ್ಟುತ್ತದೆ. ಫಲವಾಗಿ ಪ್ರತಿಯೊಬ್ಬನೂ ತನ್ನ ಸ್ಥಾನದಲ್ಲೇ ತೃಪ್ತ. ಈ ವರ್ಗಗಳನ್ನು ಹೆಸರಿಸಲು ಹಕ್ಸ್‌ಲಿ ಬಳಸಿದ ಪದ ‘ಜಾತಿ’ ಎಂಬುದೇ ಆಗಿರುವುದು ಗಮನಾರ್ಹ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಭವಿಷ್ಯದ ಕಲ್ಪನೆಯಲ್ಲ, ತುಳುನಾಡಿನ ವರ್ತಮಾನವಾಗಿತ್ತು. ಇಲ್ಲಿ ಸೀಸೆಯೂ ಬೇಕಿಲ್ಲ, ವಿದ್ಯುತ್ತೂ ಬೇಕಿಲ್ಲ, ಸಂಪ್ರದಾಯವೊಂದೇ ಸಾಕು. ಹೊಲೆಯನಾದ ಚೋಮನಿಗೆ ತುಂಡು ಭೂಮಿ ಪಡೆದು ತಾನೇ ಆರಂಭ ಮಾಡುವಾಸೆ. ಒಡೆಯ ಸಂಕಪ್ಪಯ್ಯ ಕ್ರೂರಿಯಲ್ಲ. ಆದರೆ ಹಿಂದಿನಿಂದ ಬಂದ ಕಟ್ಟನ್ನು ಮೀರುವ ಧೈರ್ಯ ಅವನಿಗಿಲ್ಲ. ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ಮೈಲಿಗೆಯ ಭಯ ಮೇಲ್ಜಾತಿಯವರ ಕೈಗಳನ್ನು ಕಟ್ಟಿಹಾಕುತ್ತದೆ. ಕಾರಂತರ ದೊಡ್ಡ ಒಳನೋಟ ಇಲ್ಲಿದೆ: ಪೂರ್ಣವಾಗಿ ಪಳಗಿಸಲ್ಪಟ್ಟವನು ಚೋಮನಲ್ಲ, ದಡದಲ್ಲಿ ನಿಂತವರು. ಚೋಮನ ಆಸೆ ಸಾಯಲಿಲ್ಲ. ಅದು ದುಡಿಯ ಬಡಿತವಾಗಿ ಕೊನೆಯ ಉಸಿರಿನವರೆಗೂ ಮೊಳಗಿತು. ಹಕ್ಸ್‌ಲಿಯ ಎಪ್ಸಿಲಾನ್‌ಗಳಿಗೆ ಇಂಥ ದುಡಿಯಿಲ್ಲ.

ಕ್ರೈಸ್ತ ಓದುಗರಾದ ನಮಗೆ ಈ ಕೃತಿ ಸುಲಭವಾಗಿ ಜೀರ್ಣವಾಗುವಂಥದ್ದಲ್ಲ. ಭೂಮಿ ದೊರೆಯುವ ಆಸೆಯಿಂದ ಪಾದ್ರಿಯ ಬಳಿಗೆ ಹೊರಟ ಚೋಮ, ಪಂಜುರ್ಲಿ ದೈವವನ್ನು ನೆನೆದು ಹಿಂದಿರುಗುತ್ತಾನೆ. ಇದನ್ನು ಮೂಢಭಯವೆಂದು ತಳ್ಳಿಹಾಕುವುದು ಅನ್ಯಾಯ. ಎಲ್ಲವನ್ನೂ ಕಳೆದುಕೊಂಡವನಿಗೆ ಉಳಿದಿದ್ದ ಒಂದೇ ಸ್ವಂತ ವಸ್ತು ಅವನ ನಂಬಿಕೆ. ಅದನ್ನು ಎರಡೆಕರೆಗೆ ಬದಲಾಯಿಸಿಕೊಳ್ಳಲು ಅವನ ಮನಸ್ಸು ಒಪ್ಪಲಿಲ್ಲ. ನ್ಯಾಯವಾಗಿ ಸಲ್ಲಬೇಕಾದ ಭೂಮಿಗೆ ಷರತ್ತು ಹಾಕಿದವರನ್ನೂ ಕಾದಂಬರಿ ಮೌನವಾಗಿ ಪ್ರಶ್ನಿಸುತ್ತದೆ. ಒಂದು ಕೊರತೆಯನ್ನು ಹೇಳಲೇಬೇಕು: ತಂದೆಯ ಸಾಲ ತೀರಿಸಲು ತೋಟಕ್ಕೆ ಹೋಗಿ ಶೋಷಣೆಗೊಳಗಾದ ಮಗಳು ಬೆಳ್ಳಿಯ ಅಂತರಂಗಕ್ಕೆ ಚೋಮನ ಅಂತರಂಗಕ್ಕೆ ದೊರೆತಷ್ಟು ಸ್ಥಳ ದೊರೆತಿಲ್ಲ.

1974ರ ಭೂಸುಧಾರಣಾ ಕಾನೂನಿನಿಂದ ಅನೇಕ ಗೇಣಿದಾರರು ಭೂಮಿಯ ಒಡೆಯರಾದರು. ಗೇಣಿಚೀಟಿಯೂ ಇಲ್ಲದ ಚೋಮನಂಥವರ ಪಾಲಿಗೆ ಬಂದದ್ದು ಅಲ್ಪ. ಕಾನೂನು ಹೊಲದ ಗಡಿಯನ್ನು ತಿದ್ದಬಲ್ಲದು, ಮನಸ್ಸಿನ ಗಡಿಯನ್ನಲ್ಲ. ಮಗುವಿನ ಕಿವಿಯಲ್ಲಿ ಪಿಸುಗುಟ್ಟುವ ಯಂತ್ರ ನಮ್ಮ ಮನೆಗಳಲ್ಲಿಲ್ಲ, ನಿಜ. ಆದರೆ ಮದುವೆಯ ಮಾತುಕತೆಯಲ್ಲಿ, ಊಟದ ಪಂಕ್ತಿಯಲ್ಲಿ, ಸ್ಮಶಾನದ ಜಾಗದ ವಿಚಾರದಲ್ಲಿ ನಾವು ಆಡುವ ಮಾತುಗಳನ್ನು ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಸಿದ್ದಾಪುರದ ಬಂಡೆಯ ಮಾತನ್ನು ಅವರಿಗೆ ತಲುಪಿಸಬೇಕಾದವರೂ ನಾವೇ.