ಥೇಮ್ಸ್ ದಂಡೆಯ ಕಾಲ್ನಡಿಗೆ

ಲಂಡನ್ನನ್ನು ಬಸ್ಸಿನ ಮೇಲಂತಸ್ತಿನಲ್ಲಿ ಕೂತು ನೋಡಿದರೆ ಅರ್ಧ ಮಾತ್ರ ನೋಡಿದಂತೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಲ್ಯಾಂಬೆತ್ ಸೇತುವೆಯವರೆಗೆ ಪಾರ್ಲಿಮೆಂಟಿನ ಎದುರು ದಂಡೆ ಹಿಡಿದು ಒಮ್ಮೆ ನಡೆಯಬೇಕು. ಹೆಚ್ಚೇನಿಲ್ಲ, ಒಂದು ಕಿಲೋಮೀಟರಿನಷ್ಟು ದಾರಿ.

ಮೊದಲ ಸೇತುವೆಗೆ ಹಸಿರು ಬಣ್ಣ, ಎರಡನೆಯದಕ್ಕೆ ಕೆಂಪು. ಪಾರ್ಲಿಮೆಂಟಿನ ಕೆಳಮನೆಯ ಆಸನಗಳು ಹಸಿರು, ಮೇಲ್ಮನೆಯವು ಕೆಂಪು. ಆ ಬಣ್ಣಗಳೇ ಇಲ್ಲಿಗೂ ಬಂದಿವೆ. ವಾಹನದಲ್ಲಿ ಹೋಗುವವರಿಗೆ ಇದೆಲ್ಲಿ ಹೊಳೆಯುತ್ತದೆ? ಎದುರಿಗೆ 96 ಮೀಟರ್ ಎತ್ತರದ ಗಡಿಯಾರ ಗೋಪುರ. ಅದರೊಳಗಿನ ದೊಡ್ಡ ಗಂಟೆ ಬಿಗ್ ಬೆನ್ 1859ರಲ್ಲೇ ಬಿರುಕು ಬಿಟ್ಟಿತು. ಗಂಟೆಯನ್ನು ಸ್ವಲ್ಪ ತಿರುಗಿಸಿ, ಹಗುರವಾದ ಸುತ್ತಿಗೆ ಹಾಕಿದರು. ಇಂದಿಗೂ ಕೇಳಿಸುವುದು ಆ ಬಿರುಕು ಗಂಟೆಯ ನಾದವೇ. ನಿಂತು ಕೇಳಿದರೆ ಎದೆ ತುಂಬುತ್ತದೆ.

ನದಿಯ ಕಟ್ಟೆಯ ಕಡೆ ಬಗ್ಗಿ ನೋಡಿ. ಕಂಚಿನ ಸಿಂಹದ ಮುಖಗಳು ಸಾಲಾಗಿವೆ. ಒಂದೊಂದರ ಬಾಯಲ್ಲೂ ದೋಣಿ ಕಟ್ಟುವ ಬಳೆ. ಮುಂದೆ ಆಸ್ಪತ್ರೆಯ ಗೋಡೆಯುದ್ದಕ್ಕೂ ಕೈಯಿಂದ ಬರೆದ ಕೆಂಪು ಹೃದಯಗಳು, ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ, ತಲೆಗೊಂದರಂತೆ. ಹತ್ತಿರ ಹೋದರೆ ಒಳಗೆ ಹೆಸರುಗಳು ಕಾಣುತ್ತವೆ. ಅಲ್ಲಿ ನನ್ನ ಹೆಜ್ಜೆ ತಾನಾಗಿ ನಿಧಾನವಾಯಿತು.

ಲ್ಯಾಂಬೆತ್ ಸೇತುವೆ ಬಳಿ ನಮ್ಮ ಬಸವಣ್ಣನವರಿದ್ದಾರೆ. 2015ರ ನವೆಂಬರ್ 14ರಂದು ಅನಾವರಣಗೊಂಡ ಮೂರ್ತಿ ಅದು. ಹೊಳೆಯಾಚೆ ಬ್ರಿಟನ್ನಿನ ಪಾರ್ಲಿಮೆಂಟು, ಈಚೆ ಅನುಭವ ಮಂಟಪದ ಅಣ್ಣ. ಲಂಡನ್ನಿಗೆ ಹೋಗುವ ಕನ್ನಡಿಗರು ಅಲ್ಲಿಗೆ ದಯವಿಟ್ಟು ನಡೆದುಕೊಂಡೇ ಹೋಗಿ.