ಕೊನೆಗೆ ಕಿರೀಟ ತೊಡುವ ಗೂಢಚಾರ: ರಸಿಕರಿಗೊಂದು ಕೈಪಿಡಿ

ಬಹುಕಾಲ ನಡೆದುಬಂದ ಚಿತ್ರಸರಣಿಯ ಹಿಂದಿನ ಕಥೆಯನ್ನು ಬದಿಗಿಟ್ಟು, ಅದೇ ನಾಯಕನನ್ನು ಹೊಸ ನಟನಲ್ಲಿ ಬುಡದಿಂದ ಕಟ್ಟಿ ನಿಲ್ಲಿಸುವ ಕ್ರಮಕ್ಕೆ ಚಿತ್ರರಂಗದಲ್ಲಿ ರೀಬೂಟ್ ಎಂದು ಹೆಸರು. ಹಾಗೆ ಕಟ್ಟುವಾಗ ಹಳೆಯ ಥಳುಕನ್ನು ಕಳಚಿ, ಹೊಡೆತಕ್ಕೆ ನೋವನ್ನೂ ಕೊಲೆಗೆ ಭಾರವನ್ನೂ ಮರಳಿ ಕೊಟ್ಟರೆ, ನೋಡುಗರಲ್ಲಿ ಕೆಲವರು ಕಡೆಗೂ ನಿಜವಾದ ಗೂಢಚಾರನನ್ನು ಕಂಡೆವೆಂದು ಹಿಗ್ಗುತ್ತಾರೆ, ಉಳಿದವರು ತಮ್ಮ ನಾಯಕನನ್ನು ಯಾರೋ ಕದ್ದೊಯ್ದರೆಂದು ಸಿಟ್ಟಾಗುತ್ತಾರೆ. 2005ರ ಅಕ್ಟೋಬರಿನಲ್ಲಿ ಡೇನಿಯಲ್ ಕ್ರೇಗ್ ಹೊಸ ಜೇಮ್ಸ್ ಬಾಂಡ್ ಎಂದು ಪ್ರಕಟವಾದಾಗ, ಚಿತ್ರದ ಒಂದು ದೃಶ್ಯವೂ ಹೊರಬರುವ ಮೊದಲೇ, ಆತನ ಹೊಂಗೂದಲು ಮತ್ತು ಎತ್ತರವನ್ನು ಮುಂದಿಟ್ಟು ಬಹಿಷ್ಕಾರದ ಕರೆ ಎದ್ದಿತು. ಮರುವರ್ಷ ತೆರೆಕಂಡ ‘ಕ್ಯಾಸಿನೊ ರಾಯಲ್’ ಅದುವರೆಗಿನ ಬಾಂಡ್ ಚಿತ್ರಗಳಲ್ಲೇ ಹೆಚ್ಚು ಹಣ ಗಳಿಸಿತು. ಇಷ್ಟು ಬೇಗ ತಿರುಗಿದ ಈ ಪ್ರತಿಕ್ರಿಯೆಯನ್ನು ಅಭಿರುಚಿಯ ಚಂಚಲತೆ ಎಂದು ತಳ್ಳಿಹಾಕುವುದು ಸುಲಭವಾದರೂ, ಅದರ ಒಳಗುಟ್ಟನ್ನು ತಿಳಿಯುವ ಸಾಧನ ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ನೋಡುಗನ ಬಳಿ ಮೊದಲಿನಿಂದಲೂ ಇದೆ.

ಆ ಸಾಧನವೇ ಬಯಲಾಟ. ಉತ್ತರ ಕರ್ನಾಟಕದ ಬಯಲಾಟದಲ್ಲಿ ಎರಡು ದೊಡ್ಡ ಕವಲುಗಳುಂಟು. ದೊಡ್ಡಾಟವು ಪುರಾಣದ ಮತ್ತು ಚರಿತ್ರೆಯ ವೀರರದು. ಅಲ್ಲಿ ಪಾತ್ರಧಾರಿ ಕಿರೀಟ, ಭುಜಕೀರ್ತಿಗಳನ್ನು ಕಟ್ಟಿಕೊಂಡು ತೆರೆಯ ಹಿಂದೆ ನಿಂತು, ತೆರೆ ಸರಿದ ಮೇಲೆ ಕುಣಿದು ಮುಂದೆ ಬರುತ್ತಾನೆ, ಆಟ ನಡೆಸುವ ಸಾರಥಿ ‘ತಾವು ದಾರು’ ಎಂಬ ಧಾಟಿಯಲ್ಲಿ ಕೇಳಿದ ಬಳಿಕ ತನ್ನ ಹೆಸರನ್ನೂ ಬಿರುದುಗಳನ್ನೂ ಸಾರುತ್ತಾನೆ. ಸಣ್ಣಾಟವು ಹೆಚ್ಚಾಗಿ ಊರಿನ ಮಂದಿಯ ಕಥೆಯಾದ್ದರಿಂದ ಅಲ್ಲಿ ಸಾಮಾನ್ಯವಾಗಿ ಕಿರೀಟವಿಲ್ಲ, ದಿನದ ಉಡುಪಿನಲ್ಲೇ ಆಟ ಸಾಗುತ್ತದೆ. ಬೈಲಹೊಂಗಲದ ಕಡೆ ನಡೆದುದೆಂದು ಹೇಳಲಾಗುವ ‘ಸಂಗ್ಯಾ ಬಾಳ್ಯಾ’ದಲ್ಲಿ ಗೆಳೆಯ ಬಾಳ್ಯಾನೇ ಸಂಗ್ಯಾನನ್ನು ಕೊಲೆಗಾರರ ಕೈಗೆ ಒಪ್ಪಿಸುವಾಗ ಆಗುವ ಸಂಕಟಕ್ಕೆ ದೊಡ್ಡಾಟದ ಯಾವ ಗದಾಯುದ್ಧವೂ ಸಾಟಿಯಲ್ಲ. ಎರಡನ್ನೂ ಬಲ್ಲ ನೋಡುಗ ಸಂಗ್ಯಾನ ತಲೆಯ ಮೇಲೆ ಕಿರೀಟವೇಕಿಲ್ಲವೆಂದು ತಕರಾರು ಎತ್ತುವುದಿಲ್ಲ, ಏಕೆಂದರೆ ಯಾವ ಆಟಕ್ಕೆ ಬಂದಿದ್ದೇನೆಂಬುದು ಅವನಿಗೆ ಗೊತ್ತಿರುತ್ತದೆ. ರೀಬೂಟ್ ಹುಟ್ಟಿಸುವ ಜಗಳದ ಮೂಲ ಇಲ್ಲಿದೆ: ದೊಡ್ಡಾಟದ ಹೆಸರಿನಲ್ಲಿ ಕರೆದು ಸಣ್ಣಾಟವನ್ನು ಆಡಿ ತೋರಿಸಿದಾಗ ಮೋಸಹೋದೆನೆಂಬ ಭಾವ ಬರುವುದು ಸಹಜ.

ಕನ್ನಡದ ಗೂಢಚಾರ ಹುಟ್ಟಿದ್ದೇ ದೊಡ್ಡಾಟದ ವರಸೆಯಲ್ಲಿ. ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ (1969) ಮತ್ತು ಒಂಬತ್ತು ವರ್ಷಗಳ ಬಿಡುವಿನ ನಂತರದ ‘ಆಪರೇಷನ್ ಡೈಮಂಡ್ ರಾಕೆಟ್’ (1978) ಚಿತ್ರಗಳಲ್ಲಿ ಸೂಟು ತೊಟ್ಟು ಪಿಸ್ತೂಲು ಹಿಡಿದ ನಟ ರಾಜ್‌ಕುಮಾರ್ ಅವರನ್ನು ನೋಡಿದವರು, ಅದೇ ಮುಖವನ್ನು ಬೇಡರ ಕಣ್ಣಪ್ಪನಾಗಿ, ರಣಧೀರ ಕಂಠೀರವನಾಗಿ, ಸತ್ಯ ಹರಿಶ್ಚಂದ್ರನಾಗಿ ಕಂಡವರೇ ಆಗಿದ್ದರು. ವೇಷ ಬದಲಾಯಿತೇ ಹೊರತು ವೀರನ ಮೇಲಿನ ಭರವಸೆ ಬದಲಾಗಲಿಲ್ಲ. 999 ಸೋಲುವನೆಂದು ಯಾರೂ ಅಂಜುವ ಅಗತ್ಯವಿರಲಿಲ್ಲ. ಹೇಗೆ ಗೆಲ್ಲುವನೆಂಬ ಕುತೂಹಲವೊಂದೇ ಸಾಕಿತ್ತು. ಮುಂದೆ 2019ರಲ್ಲಿ ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’ ಆ ಕಾಲದ ಪತ್ತೇದಾರಿ ಮೋಹವನ್ನು ನೆನೆದುಕೊಂಡದ್ದು ನಗುವಿನ ದಾರಿಯಲ್ಲಿ. 999ನ ಮೈಗೆ ನಿಜವಾದ ಗಾಯ ಮಾಡುವ ಧೈರ್ಯವನ್ನು ಕನ್ನಡದಲ್ಲಿ ಯಾರೂ ತೋರದಿರುವುದರಿಂದ ಈ ಪ್ರಕಾರದ ಅಭ್ಯಾಸಕ್ಕೆ ಬಾಂಡನನ್ನೇ ಆಶ್ರಯಿಸಬೇಕಾಗುತ್ತದೆ.

‘ಕ್ಯಾಸಿನೊ ರಾಯಲ್’ ನೋಡಲು ಕೂತವರು ಕಥೆಗಿಂತ ಮೊದಲು ನಾಯಕನ ಮೈಯನ್ನೂ ಉಡುಪನ್ನೂ ಗಮನಿಸತಕ್ಕದ್ದು. ಚಿತ್ರ ಕಪ್ಪು–ಬಿಳುಪಿನಲ್ಲಿ, ಶೌಚಾಲಯವೊಂದರಲ್ಲಿ ಯಾವ ಅಂದವೂ ಇಲ್ಲದ ಹೊಡೆದಾಟದೊಂದಿಗೆ ತೆರೆದುಕೊಳ್ಳುತ್ತದೆ. ಮಡಗಾಸ್ಕರಿನ ಬೆನ್ನಟ್ಟುವಿಕೆಯಲ್ಲಿ ಮುಂದೆ ಓಡುವವನು ಗೋಡೆಯ ಮೇಲಿನ ಕಿಂಡಿಯಲ್ಲಿ ಮೀನಿನಂತೆ ನುಸುಳಿದರೆ, ಹಿಂದಿನಿಂದ ಬರುವ ಬಾಂಡ್ ಆ ಗೋಡೆಯನ್ನೇ ಮುರಿದುಕೊಂಡು ಹೊರಬೀಳುತ್ತಾನೆ. ಈತ ಇನ್ನೂ ಪಳಗಿಲ್ಲವೆಂಬುದನ್ನು ತಿಳಿಸಲು ಮಾತೇ ಬೇಕಾಗುವುದಿಲ್ಲ. ಮೆಟ್ಟಿಲುಗಳ ಮೇಲೆ ಇಬ್ಬರನ್ನು ಕೊಂದ ಮೇಲೆ ಆತ ಕನ್ನಡಿಯೆದುರು ರಕ್ತ ತೊಳೆದು, ಅಂಗಿ ಬದಲಿಸಿ ಜೂಜಿನ ಮೇಜಿಗೆ ಮರಳುತ್ತಾನೆ. ಆ ಕೊಲೆಯನ್ನು ಕಣ್ಣಾರೆ ಕಂಡ ನಾಯಕಿ ವೆಸ್ಪರ್ ಉಟ್ಟ ಬಟ್ಟೆಯಲ್ಲೇ ಸುರಿಯುವ ನೀರಿನ ಕೆಳಗೆ ಕುಸಿದು ಕೂತಿರುವಾಗ, ಆತನೂ ಬಂದು ಪಕ್ಕದಲ್ಲಿ ಕೂರುತ್ತಾನೆ. ಹಳೆಯ ಬಾಂಡ್ ಚಿತ್ರಗಳಲ್ಲಿ ಸತ್ತವರ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಇಲ್ಲಿ ಸಾವು ಉಳಿದವರ ಮೈಗೆ ಅಂಟಿಕೊಳ್ಳುತ್ತದೆ. ಮುಂದೆ ಆ ವೆಸ್ಪರಳೇ ಆತನಿಗೆ ದ್ರೋಹ ಬಗೆದಿರುವುದು ಬಯಲಾದಾಗ, ಬಾಳ್ಯಾನನ್ನು ಬಲ್ಲವರಿಗೆ ಆ ನೋವಿನ ಜಾಡು ಹೊಸದೆನಿಸದು.

1962ರ ‘ಡಾಕ್ಟರ್ ನೋ’ದಲ್ಲಿ ಜೂಜಿನ ಮೇಜಿನೆದುರಿನ ನಾಯಕನ ಮುಖವನ್ನು ಮೊದಲು ಮರೆಮಾಡಿ, ಮುಖ ಕಾಣುವ ಗಳಿಗೆಗೇ ಆತ ಹೆಸರು ಹೇಳುವಂತೆ ಮಾಡಿದ್ದು ಅಪ್ಪಟ ದೊಡ್ಡಾಟದ ಪ್ರವೇಶ, ತೆರೆಯೂ ಇತ್ತು, ಸಾರಥಿಯ ಪ್ರಶ್ನೆಯೂ ಇತ್ತು. 2006ರ ಚಿತ್ರ ಈ ಪ್ರವೇಶವನ್ನು ಕಟ್ಟಕಡೆಗೆ ಒಯ್ದಿದೆ. ಪರಿಚಿತ ಬಾಂಡ್ ಸಂಗೀತವನ್ನು ಕೊನೆಯವರೆಗೂ ಪೂರ್ತಿ ಕೇಳಗೊಡದೆ, ಸೂಟು ತೊಟ್ಟ ನಾಯಕ ಕೆಳಗೆ ಬಿದ್ದವನೆದುರು ನಿಂತು ತನ್ನ ಹೆಸರು ಹೇಳಿದ ಮೇಲೆಯೇ ಅದನ್ನು ಪೂರ್ಣವಾಗಿ ನುಡಿಸುತ್ತದೆ. ಸಣ್ಣಾಟದ ಮನುಷ್ಯನೊಬ್ಬ ಎರಡು ಗಂಟೆಗೂ ಹೆಚ್ಚು ಕಾಲ ನರಳಿ ದೊಡ್ಡಾಟದ ಕಿರೀಟಕ್ಕೆ ಅರ್ಹನಾಗುವ ಕಥೆ ಇದು. ಮೊದಲ ದೃಶ್ಯದಲ್ಲೇ ಆ ಸಂಗೀತಕ್ಕಾಗಿ ಕಿವಿಯೊಡ್ಡಿ, ಸಿಗದೆ ಮುನಿಸಿಕೊಂಡವರ ಅಸಹನೆಯನ್ನು ನಿರ್ದೇಶಕ ಮಾರ್ಟಿನ್ ಕ್ಯಾಂಬೆಲ್ ಮೊದಲೇ ಎಣಿಸಿ ಕೊನೆಯ ಸಿಳ್ಳೆಗೆ ಬಂಡವಾಳವಾಗಿ ಇಟ್ಟುಕೊಂಡಂತೆ ತೋರುತ್ತದೆ.

ಆದರೆ ಗಾಯ ತೋರಿಸಿದ ಮಾತ್ರಕ್ಕೆ ಗಾಂಭೀರ್ಯ ಬಾರದು. 1989ರ ‘ಲೈಸೆನ್ಸ್ ಟು ಕಿಲ್’ ಚಿತ್ರದಲ್ಲಿ ತಿಮೊಥಿ ಡಾಲ್ಟನ್ ಇದೇ ಒರಟುತನವನ್ನು ಪ್ರಯತ್ನಿಸಿದಾಗ ಅಮೆರಿಕದ ನೋಡುಗರು ತಣ್ಣಗಿದ್ದರು. ಸರಣಿಯ ಎಂದಿನ ಸೂತ್ರದೊಳಗೇ ಸೇಡಿನ ಕಥೆಯನ್ನು ತುರುಕಿದ್ದರಿಂದ ಅದು ಎರಡು ಆಟಗಳ ನಡುವೆ ಸಿಕ್ಕಿಬಿದ್ದಿತು. 2008ರ ‘ಕ್ವಾಂಟಮ್ ಆಫ್ ಸೊಲೇಸ್’ ಹಾಲಿವುಡ್ ಲೇಖಕರ ಮುಷ್ಕರದ ಕಾಲದಲ್ಲಿ ಅರೆಬೆಂದ ಚಿತ್ರಕಥೆಯೊಡನೆ ತಯಾರಾಯಿತು; ಕ್ಯಾಮೆರಾ ಅಲುಗಾಡಿದಷ್ಟೂ ನಿಜ ಹೆಚ್ಚುವುದೆಂಬ ಅದರ ನಂಬಿಕೆ ಕಣ್ಣಿಗೆ ಆಯಾಸ ತಂದದ್ದೇ ಹೆಚ್ಚು.

ಸಭಾಂಗಣದ ಗದ್ದಲವನ್ನೂ ಹೊಸ ರಸಿಕ ಕಲಾಕೃತಿಯ ಭಾಗವೆಂದೇ ಆಲಿಸಬಹುದು. ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಎಂದು ಕೂಗಿದರೆ ನಟ ಹಾಡನ್ನು ಮತ್ತೊಮ್ಮೆ ಹಾಡುತ್ತಿದ್ದ, ಹೀಗಾಗಿ ನೋಡುಗನ ಮಾತಿಗೆ ಅಲ್ಲೇ ಉತ್ತರವಿತ್ತು. ಚಿತ್ರಸರಣಿ ಉತ್ತರಿಸಲು ವರ್ಷಗಳನ್ನು ತೆಗೆದುಕೊಳ್ಳುತ್ತದೆ. ಕ್ರೇಗನ ಮೊದಲೆರಡು ಚಿತ್ರಗಳಲ್ಲಿ ಕಾಣೆಯಾಗಿದ್ದ ಸಾಧನಗಳ ತಯಾರಕ ಕ್ಯೂ ಮತ್ತು ಕಚೇರಿಯ ಮನಿಪೆನ್ನಿ 2012ರ ‘ಸ್ಕೈಫಾಲ್’ನಲ್ಲಿ ಮರಳಿದ್ದು ಅಂಥದೊಂದು ತಡವಾದ ಉತ್ತರ.

ಕ್ರೇಗನ ಕೊನೆಯ ಚಿತ್ರ ‘ನೋ ಟೈಮ್ ಟು ಡೈ’ (2021) ಬಾಂಡನ ಸಾವಿನಲ್ಲಿ ಮುಗಿದಾಗ ಹಳೆಯ ಸಿಟ್ಟು ಮತ್ತೆ ಕೆರಳಿತು. ಬಯಲಾಟದಲ್ಲಿ ಯಾರು ಸತ್ತರೂ ಮಂಗಳ ಹಾಡದೆ ಆಟ ಮುಗಿಯದು, ಅದನ್ನು ಕೇಳದೆ ಎದ್ದುಹೋಗುವುದು ಬಲ್ಲವರ ರೂಢಿಯಲ್ಲ. ಈ ಚಿತ್ರದಲ್ಲಿಯೂ ದೀಪ ಹೊತ್ತಿದೊಡನೆ ಬಾಗಿಲಿಗೆ ಧಾವಿಸದೆ, ಕೆಲಸಗಾರರ ಹೆಸರುಗಳೆಲ್ಲ ಉರುಳಿ ಹೋಗುವವರೆಗೆ ಕೂತವರಿಗೆ ಕಡೆಯಲ್ಲಿ ಜೇಮ್ಸ್ ಬಾಂಡ್ ಮತ್ತೆ ಬರುವನೆಂಬ ಸಾಲೊಂದು ಕಾಣುತ್ತದೆ.